ತಂತಿಯ ಸಂದಿನಲ್ಲಿ ಕಳಲೆ

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರಿಗೆ ಎಲ್ಲ ಊರಲ್ಲೂ ಕಷ್ಟವಿದೆ. ಹೊಸನಗರ ಸೀಮೆಯವರ ಕಷ್ಟವೇ ಬೇರೆ. ಗಟ್ಟಿಯದು, ಅಂಟಿನದು, ನಾರಿನದು ತಿನ್ನಬೇಡಿ ಎಂದು ದಂತವೈದ್ಯರು ಮೂರೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಗಟ್ಟಿಯದೆಂದರೆ ಹಲಸಿನ ಹಪ್ಪಳ, ಚಕ್ಕುಲಿ, ಕೋಡುಬಳೆ. ಅಂಟಿನದೆಂದರೆ ಹೋಳಿಗೆ, ಜೋನಿಬೆಲ್ಲ, ಹಲಸಿನ ಹಣ್ಣಿನ ಕಡುಬು. ನಾರಿನದೆಂದರೆ ಕಳಲೆ, ಕಾಟುಮಾವು. ಇಷ್ಟನ್ನೂ ಬಿಟ್ಟರೆ ಮಲೆನಾಡಿನಲ್ಲಿ ಉಳಿಯುವುದು ಮಳೆ ಮಾತ್ರ.

ಆ ಮಳೆಯೂ ಸುಮ್ಮನಿರುವುದಿಲ್ಲ. ಹುಲಿಕಲ್, ಆಗುಂಬೆಯ ಕಡೆ ಜಡಿ ಹಿಡಿಯಿತೆಂದರೆ ಬೇಸಿಗೆಯಲ್ಲಿ ಅಂಗಳದಲ್ಲಿ ಒಣಗಿಸಿಟ್ಟ ಹಪ್ಪಳದ ಡಬ್ಬಿ ಅಟ್ಟದಿಂದ ಇಳಿಯುತ್ತದೆ. ಮನೆಯವರೆಲ್ಲ ಒಲೆಯ ಸುತ್ತ ಕೂತು ಕರುಂಕುರುಂ ಎನ್ನಿಸುವಾಗ ಕ್ಲಿಪ್ಪಿನವರು ಹಪ್ಪಳವನ್ನು ಚಹಾದಲ್ಲಿ ಅದ್ದಿ, ಅದು ಮೆತ್ತಗಾಗುವ ತನಕ ಕಾಯುತ್ತಾರೆ. ಅವಸರಪಟ್ಟು ಕಚ್ಚಿದರೆ ಹಲ್ಲಿಗಂಟಿಸಿದ ಬ್ರ್ಯಾಕೆಟ್ ಎದ್ದು ಬರುತ್ತದೆ. ಅದನ್ನು ಮತ್ತೆ ಕೂರಿಸಲು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಬಸ್ಸು ಹತ್ತಬೇಕು. ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಹೊರಟವರಿಗೆ ಆಗುಂಬೆ ಘಾಟಿಯ 14 ತಿರುವು. ಮಣಿಪಾಲದ ದಂತವೈದ್ಯಕೀಯ ಕಾಲೇಜು 1965ರಿಂದ ಇದೆ. ಘಾಟಿ ಅದಕ್ಕಿಂತ ಹಳೆಯದು, ಹಪ್ಪಳ ಎರಡಕ್ಕಿಂತಲೂ. ಒಂದು ಹಪ್ಪಳಕ್ಕೆ ಇಷ್ಟು ಬೆಲೆಯೇ ಎಂದು ಇಳಿಯುವಾಗ ಅನ್ನಿಸುತ್ತದೆ, ಹತ್ತುವಾಗ ಮರೆತಿರುತ್ತದೆ.

ಮುರಿದದ್ದಾದರೂ ಕಣ್ಣಿಗೆ ಕಾಣುತ್ತದೆ. ಸಿಕ್ಕಿಕೊಂಡದ್ದು ಕಾಣುವುದಿಲ್ಲ. ಕಾಡುಹಂದಿಯ ಕಾಟಕ್ಕೆ ಐಬೆಕ್ಸ್ ಎಂಬ ಕರೆಂಟಿನ ತಂತಿಬೇಲಿ ಹಾಕಿಸಿದ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ತಂತಿ ಎಳೆಯುವುದು ಒಂದೆರಡು ದಿನದ ಕೆಲಸ, ತಂತಿಯ ಬುಡದ ಕಳೆ ಸವರುವುದು ವರ್ಷಪೂರ್ತಿ. ಹಲ್ಲಿನ ತಂತಿಯ ಬುಡದಲ್ಲಿ ಬೆಳೆಯುವುದು ಬ್ಯಾಕ್ಟೀರಿಯಾ. ಬೆಲ್ಲವೋ ಹಿಟ್ಟೋ ಏನು ಸಿಕ್ಕರೂ ಅದು ಆಮ್ಲ ಮಾಡುತ್ತದೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್‌ನ ಕ್ಯಾಲ್ಸಿಯಂ, ಫಾಸ್ಫೇಟ್ ಕರಗತೊಡಗುತ್ತವೆ. ಕರಗಿದ್ದನ್ನು ಎಂಜಲು ನಿಧಾನವಾಗಿ ತುಂಬಿಕೊಡುತ್ತದೆ, ಆದರೆ ಅದಕ್ಕೆ ಬಿಡುವು ಬೇಕು. ಬೆಳಿಗ್ಗೆ ಕಾಫಿ, ತಿಂಡಿ, ಹತ್ತೂವರೆಗೆ ಚಹಾ, ಊಟ, ನಾಲ್ಕಕ್ಕೆ ಕಷಾಯ, ಅದರ ಜೊತೆಗೊಂದು ಚೂರು ಏನಾದರೂ ಎನ್ನುವ ಮನೆಯಲ್ಲಿ ಎಂಜಲಿಗೆ ಬಿಡುವೆಲ್ಲಿಯದು?

ತಿಂಗಳೊಪ್ಪತ್ತು ಅಸಡ್ಡೆ ಮಾಡಿದರೆ ಸಾಕು, ಬ್ರ್ಯಾಕೆಟ್‌ನ ಸುತ್ತ ಸುಣ್ಣದ ಬಣ್ಣದ ಕಲೆ ಕಾಣಿಸಬಹುದು. ವರ್ಷವೆರಡು ಕಳೆದು ಕ್ಲಿಪ್ ತೆಗೆದ ದಿನ ಹಲ್ಲೇನೋ ಸಾಲಾಗಿ ನಿಂತಿರುತ್ತದೆ, ಒಂದೊಂದಕ್ಕೂ ಬಿಳಿಯ ಚೌಕಟ್ಟು ಹಾಕಿಸಿದ ಹಾಗೆ.

ಆಮ್ಲಕ್ಕೆ ಇಷ್ಟು ಹೆದರಿಸುವ ವೈದ್ಯರು ಬ್ರ್ಯಾಕೆಟ್ ಅಂಟಿಸುವಾಗ ಹಲ್ಲಿಗೆ ಮೊದಲು ಹಚ್ಚುವುದೂ ಆಮ್ಲವನ್ನೇ. ಲೋಹಕ್ಕೆ ಬಣ್ಣ ಹಿಡಿಯಲೆಂದು ಕಾರ್ಖಾನೆಯವರು ಫಾಸ್ಫಾರಿಕ್ ಆಮ್ಲ ಬಳಸುವುದನ್ನು ಕಂಡಿದ್ದ ಅಮೆರಿಕದ ಮೈಕೆಲ್ ಬುವೊನೊಕೋರ್, ಅದೇ ಉಪಾಯ ಎನಾಮಲ್‌ಗೂ ಆಗುತ್ತದೆಂದು 1955ರಲ್ಲಿ ತೋರಿಸಿದರು. ಅದಕ್ಕೆ ಮೊದಲು, ದಂತವೈದ್ಯ ಎಡ್ವರ್ಡ್ ಆಂಗಲ್ ಅವರ ಕಾಲದ ಕ್ಲಿಪ್‌ಗಳಲ್ಲಿ, ಹಲ್ಲಿನ ಸುತ್ತಲೂ ಲೋಹದ ಪಟ್ಟಿ ಬಿಗಿಯಬೇಕಿತ್ತು. ಈಗ ಎದುರಿಗೊಂದು ಪುಟ್ಟ ಚೌಕ ಸಾಕು. ಆ ಚೌಕಕ್ಕೆ ತಂತಿಯನ್ನು ಹಿಡಿದಿಡುವ ಸಣ್ಣ ರಬ್ಬರ್ ಬಳೆಗಳಿಗೆ ಮಾತ್ರ ಅರಿಶಿನವೆಂದರೆ ಪ್ರಾಣ. ಕಾಣದಿರಲಿ ಎಂದು ಪಾರದರ್ಶಕದ್ದೇ ಹಾಕಿಸಿಕೊಂಡವರು ಎರಡು ದಿನ ಸಾರನ್ನ ಉಂಡರೆ ಬಾಯ್ತುಂಬ ಹಳದಿ.

ಉಜ್ಜುವುದಕ್ಕೊಂದು ಕ್ರಮವಿದೆ. ಮೊದಲು ಬಾಯಿ ಮುಕ್ಕಳಿಸಬೇಕು. ಬ್ರಷ್ಷನ್ನು ಓರೆಯಾಗಿ ಹಿಡಿದು ತಂತಿಯ ಮೇಲ್ಗಡೆ ಒಮ್ಮೆ, ಕೆಳಗಡೆ ಒಮ್ಮೆ, ಆಮೇಲೆ ಅಗಿಯುವ ಕಡೆ, ಒಳಗಡೆ. ಬಾಟಲಿ ತೊಳೆಯುವ ಬ್ರಷ್ಷಿನ ಮೊಮ್ಮಗುವಿನಂತಿರುವ ಚಿಕ್ಕ ಬ್ರಷ್ಷೊಂದು ಸಿಗುತ್ತದೆ. ತಂತಿಯ ಅಡಿಗೆ ತೂರುವುದು ಅದೊಂದೇ. ಪೇಸ್ಟ್ ಫ್ಲೋರೈಡ್ ಇರುವುದಾಗಬೇಕು. ಅಪ್ಪೆಹುಳಿ ಕುಡಿದ ತಕ್ಷಣ ಉಜ್ಜಬಾರದು. ಹುಳಿಗೆ ಮೆತ್ತಗಾದ ಎನಾಮಲ್ ಸವೆಯುತ್ತದೆ, ಅರ್ಧ ಗಂಟೆ ಬಿಡಬೇಕು. ನೀರು ಚಿಮ್ಮಿಸಿ ಸಂದಿ ತೊಳೆಯುವ ಯಂತ್ರವೂ ಬಂದಿದೆ. ಕರೆಂಟಿನಲ್ಲಿ ಓಡುವಂಥದ್ದನ್ನು ತಂದವರಿಗೆ ಜೂನ್ ತಿಂಗಳ ಮೊದಲ ಗಾಳಿಗೆ ಮರ ಬಿದ್ದು ಲೈನು ಹೋದ ಮೇಲೆ ಮತ್ತೆ ಚಿಕ್ಕ ಬ್ರಷ್ಷೇ ಗತಿ, ಟಾರ್ಚ್ ಹಿಡಿಯಲು ಒಬ್ಬ ತಮ್ಮ ಬೇಕು.

ಇದನ್ನೆಲ್ಲ ಜಗಲಿಯಿಂದ ನೋಡುವ ಅಜ್ಜನಿಗೆ ನಗು. ಮಾವಿನ ಎಲೆ ಸುರುಳಿ ಸುತ್ತಿ, ಉಮಿಕರಿ ಮುಟ್ಟಿಸಿ, ಹಲ್ಲು ತಿಕ್ಕಿ ಬೆಳೆದವರು ಅವರು. ಬಿ.ವಿ. ಪಂಡಿತರ ನಂಜನಗೂಡು ಹಲ್ಲುಪುಡಿ ಮನೆಗೆ ಬಂದದ್ದೇ ಅವರ ಪಾಲಿಗೆ ದೊಡ್ಡ ಸುಧಾರಣೆ. ಆದರೆ ಯಾವ ಪುಡಿಯಾದರೂ ಅದನ್ನು ತಿಕ್ಕುವ ಬೆರಳು ತಂತಿಯ ಅಡಿಗೆ ಹೋಗುವುದಿಲ್ಲ, ಮಸಿಯ ತರಿ ಮಾತ್ರ ಹೋಗಿ ಕೂರುತ್ತದೆ.

ನಿಜವಾದ ಪರೀಕ್ಷೆ ಮದುವೆಮನೆಯಲ್ಲಿ. ಊಟವಾದ ಮೇಲೆ ಕೈ ತೊಳೆಯುವ ನಲ್ಲಿಗಳ ಸಾಲಿನಲ್ಲಿ ಒಬ್ಬಳು ಮಾತ್ರ ರೇಷ್ಮೆ ಲಂಗದ ಸೊಂಟದಿಂದ ಬ್ರಷ್ ತೆಗೆಯುತ್ತಾಳೆ. ಹೋಳಿಗೆ ಬಾಚಿ ತೆಗೆಯಲು ಹತ್ತು ನಿಮಿಷ. ಹಿಂದೆ ಕಾಯುವವರ ಸಾಲು ಬೆಳೆಯುತ್ತದೆ. "ಎಂತ ಮಾರಾಯ್ತಿ, ಈಗ ಎದ್ಯನೇ?" ಎಂದು ದೊಡ್ಡಮ್ಮ ಕೇಳುತ್ತಾರೆ. ಬಾಯಲ್ಲಿ ನೊರೆ ಇರುವುದರಿಂದ ಉತ್ತರ ಸಿಗುವುದಿಲ್ಲ. ಎರಡು ಗಂಟೆಗೆ ಏಳುವ ಹುಡುಗಿ ಎಂಬ ಸುದ್ದಿ ಕವಳದ ತಟ್ಟೆಯ ಜೊತೆಗೇ ಚಪ್ಪರ ಸುತ್ತುತ್ತದೆ.

ಕ್ಲಿಪ್ ತೆಗೆದರೆ ಮುಗಿಯಿತೆಂದುಕೊಂಡವರಿಗೆ ರಿಟೇನರ್ ಕಾದಿರುತ್ತದೆ. ಹಲ್ಲುಗಳು ಹಳೆಯ ಜಾಗಕ್ಕೆ ಮರಳದಂತೆ ತಡೆಯುವ ಅದನ್ನು ಉಣ್ಣುವಾಗ ತೆಗೆದಿಡಬೇಕು, ತಣ್ಣೀರಿನಲ್ಲಿ ತೊಳೆಯಬೇಕು. ಬಚ್ಚಲ ಹಂಡೆಯ ಕುದಿನೀರು ಹೊಯ್ದರೆ ಪ್ಲಾಸ್ಟಿಕ್ ಸೊಟ್ಟಗಾಗಿ ಯಾರ ಬಾಯಿಗೂ ಕೂರುವುದಿಲ್ಲ. ಪಂಕ್ತಿಯಲ್ಲಿ ಕೂತವರು ಅದನ್ನು ಕಾಗದದಲ್ಲಿ ಸುತ್ತಿ ಬಾಳೆಲೆಯ ತುದಿಯಲ್ಲಿಟ್ಟು, ಪಾಯಸಕ್ಕೆ ಮನಸೋತು, ಎಲೆ ಮಡಚಿ ಎದ್ದುಬಿಡುತ್ತಾರೆ. ಆಮೇಲೆ ಚಪ್ಪರದ ಹಿಂದೆ, ಮುನ್ನೂರು ಎಂಜಲೆಲೆಗಳ ರಾಶಿಯ ಮುಂದೆ ಅಪ್ಪ ಪಂಚೆ ಎತ್ತಿ ಕಟ್ಟುತ್ತಾರೆ. ದನಗಳು ಆಗಲೇ ಇನ್ನೊಂದು ತುದಿಯಿಂದ ಶುರುಮಾಡಿರುತ್ತವೆ.