ರೇಡಿಯೋಗೂ ಲೈಸೆನ್ಸಿತ್ತು

ಬೆಳಗ್ಗೆ ಕನಕಾಂಬರಕ್ಕೆ ನೀರು ಹಾಕ್ತಿದ್ದೆ. ಗೋಡೆಯಾಚೆ ಮೇಷ್ಟ್ರು ಹಳೇ ಟ್ರಂಕು ಬಿಚ್ಚಿ, ಕಾಗದಪತ್ರವನ್ನೆಲ್ಲ ಬಿಸಿಲಿಗೆ ಹರವಿಕೊಂಡು ಕೂತಿದ್ದರು. "ಇಲ್ಲಿ ಬಾಮ್ಮ, ಇದೇನು ಹೇಳು ನೋಡೋಣ" ಅಂತ ಅಂಗೈಯಗಲದ ಪುಸ್ತಕವೊಂದನ್ನು ಗೋಡೆಯ ಮೇಲಿಂದ ಚಾಚಿದರು. ಅಂಚನ್ನು ಹುಳ ತಿಂದಿದೆ. ಒಳಗೆ ವರ್ಷವರ್ಷದ ಸ್ಟಾಂಪುಗಳು, ಅವುಗಳ ಮೇಲೆ ಅಂಚೆ ಕಚೇರಿಯ ದುಂಡು ಮೊಹರು.

"ಪಾಸ್‌ಬುಕ್ಕಾ ಮೇಷ್ಟ್ರೇ?"

"ರೇಡಿಯೋ ಲೈಸೆನ್ಸಮ್ಮ! ನಮ್ಮಪ್ಪನ ಹೆಸರಲ್ಲಿದೆ. ವರ್ಷಕ್ಕೆ 15 ರೂಪಾಯಿ. ತಡವಾದರೆ ದಂಡ ಬೇರೆ. ದುಡ್ಡು ಕಟ್ಟೋಕೆ ಅಂಚೆ ಕಚೇರಿ ಸಾಲಲ್ಲಿ ನಿಲ್ತಾ ಇದ್ದವನು ನಾನೇ."

ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳೋದಕ್ಕೇ ಪರವಾನಗಿ ಬೇಕು ಅಂತ 1933ರ ಕಾಯಿದೆ ಹೇಳುತ್ತಿತ್ತಂತೆ. ಅಪ್ಪನವರು ಕಟ್ಟುವಾಗ ಗೊಣಗುತ್ತಿರಲಿಲ್ಲವೇ ಅಂದೆ. "ಗೊಣಗೋದೇನು ಬಂತು? ರಾತ್ರಿ ನಾಟಕ ಚೆನ್ನಾಗಿದ್ದರೆ ರೇಡಿಯೋ ನಿಲಯಕ್ಕೆ ಒಂದು ಕಾರ್ಡು, ಹಿಡಿಸದಿದ್ದರೆ ಇನ್ನೊಂದು ಕಾರ್ಡು. 'ದುಡ್ಡು ಕಟ್ಟಿದ್ದೀನಿ, ಹೇಳೋ ಹಕ್ಕು ನನಗಿದೆ' ಅನ್ನೋರು."

ಆ ಮಾತು ನನ್ನ ಮನಸ್ಸಿಗೆ ನಾಟಿತು. ಬಿಂದಿಗೆ ಕೆಳಗಿಟ್ಟೆ.

ರೇಡಿಯೋ ನಡೆಸೋದಕ್ಕೆ ದುಡ್ಡು ಎಲ್ಲಿಂದ ಅನ್ನೋದು ಅದು ಹುಟ್ಟಿದಾಗಿನ ಪ್ರಶ್ನೆ. 1927ರಲ್ಲಿ ಮುಂಬಯಿಯಲ್ಲಿ ಒಂದು ಖಾಸಗಿ ಕಂಪನಿ ಪ್ರಸಾರ ಶುರುಮಾಡಿತು. ಲೈಸೆನ್ಸ್ ಹಣದ ಪಾಲೇ ಅದರ ಮುಖ್ಯ ಆಧಾರ. ರೇಡಿಯೋ ಇದ್ದ ಮನೆಗಳೇ ಕಡಿಮೆ, ಅದರಲ್ಲೂ ಲೈಸೆನ್ಸ್ ಇಲ್ಲದೆ ಕೇಳುವವರು ಬಹಳ. ಮೂರು ವರ್ಷಕ್ಕೆ ಕಂಪನಿ ಮುಳುಗಿತು, 1930ರಲ್ಲಿ ಸರ್ಕಾರ ಕೈಗೆ ತೆಗೆದುಕೊಂಡಿತು.

"ನಮ್ಮ ಮೈಸೂರಿನ ಕತೆಯೇ ಬೇರೆ" ಅಂದರು ಮೇಷ್ಟ್ರು, ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸ್ವಂತ ಮನೆ ವಿಠಲ ವಿಹಾರದಲ್ಲೇ, 30 ವಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ನಡೆಸಿದರು. ಲಾಭದ ಆಸೆಯಿಲ್ಲ, ತಮ್ಮದೇ ದುಡ್ಡು, ಜೊತೆಗೆ ಊರಿನ ನೆರವು. ಆಮೇಲೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಆ ಮನೆಯಲ್ಲಿ ಮೊಳಗಿದ 'ಆಕಾಶವಾಣಿ' ಅನ್ನುವ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೋ ತನ್ನದಾಗಿಸಿಕೊಂಡಿತು.

"ಲೈಸೆನ್ಸ್ ನಿಂತಿದ್ದು ಯಾವಾಗ ಮೇಷ್ಟ್ರೇ?"

"1985ರ ಹೊತ್ತಿಗೆ ಪೂರ್ತಿ ಹೋಯ್ತು. ಅಷ್ಟರಲ್ಲಿ ಟ್ರಾನ್ಸಿಸ್ಟರು ಹೊಲದ ಬದುವಿಗೂ ಬಂದಿತ್ತು. ಅಲ್ಲಿಗೆ ಹೋಗಿ ವಸೂಲು ಮಾಡೋರು ಯಾರು? ಆಕಾಶವಾಣಿಯ ವಿವಿಧ ಭಾರತಿಗೆ 1967ರಿಂದಲೇ ಜಾಹೀರಾತೂ ಬರ್ತಿತ್ತಲ್ಲ. ಈಗ ಪುಕ್ಕಟೆ ಬಿಡು."

ಪುಕ್ಕಟೆ ಎಲ್ಲಿ? ನಾನು ಬಿಡಲಿಲ್ಲ. 1990ರ ಕಾಯಿದೆಯಂತೆ 1997ರಲ್ಲಿ ಆಕಾಶವಾಣಿ, ದೂರದರ್ಶನಗಳನ್ನು ನಡೆಸುವ ಪ್ರಸಾರ ಭಾರತಿ ಅಸ್ತಿತ್ವಕ್ಕೆ ಬಂತು. ಜಾಹೀರಾತಿನಿಂದ, ತನ್ನ ಉಚಿತ ಟಿ.ವಿ. ಸೇವೆಯಾದ ಡಿಡಿ ಫ್ರೀ ಡಿಶ್‌ನಲ್ಲಿ ಚಾನೆಲ್‌ಗಳಿಗೆ ಕೊಡುವ ಜಾಗದ ಹರಾಜಿನಿಂದ ಅದು ಒಂದಿಷ್ಟು ಗಳಿಸುತ್ತದೆ ನಿಜ. ಆದರೆ ಸಂಬಳದ ಭಾರ ಹೊರುವುದು ಕೇಂದ್ರ ಸರ್ಕಾರದ ಅನುದಾನ. ಅಂದರೆ ನಾವು ಸೋಪು ಕೊಂಡಾಗ, ಚಪ್ಪಲಿ ಕೊಂಡಾಗ ಕಟ್ಟುವ ತೆರಿಗೆಯೇ. ಕಟ್ಟುವುದು ನಿಂತಿಲ್ಲ ಮೇಷ್ಟ್ರೇ, ಕಟ್ಟುತ್ತಿದ್ದೇವೆ ಅನ್ನುವ ಅರಿವು ಹೋಯಿತು. ಅದರ ಹಿಂದೆಯೇ ಕಾರ್ಡು ಬರೆಯುವ ಅಭ್ಯಾಸವೂ ಹೋಯಿತು.

"ಹಾಗಾದರೆ ಮತ್ತೆ ಲೈಸೆನ್ಸ್ ತರಬೇಕು ಅಂತೀಯಾ? ಬ್ರಿಟನ್ನಿನಲ್ಲಿ ಇನ್ನೂ ಇದೆಯಂತಲ್ಲ."

ಇದೆ. ಅಲ್ಲಿ ನೇರ ಪ್ರಸಾರದ ಟಿ.ವಿ. ನೋಡುವ ಮನೆಯವರು ಬಿಬಿಸಿಗಾಗಿ ಕಟ್ಟಬೇಕು. 2025ರ ಏಪ್ರಿಲ್‌ನಲ್ಲಿ ಅದು ವರ್ಷಕ್ಕೆ 174.50 ಪೌಂಡ್ ಆಯಿತು. ಆದರೆ ನಮಗೆ ಅದು ಬೇಡ. ಕೂಲಿಯವನ ಮನೆಗೂ ಬಂಗಲೆಗೂ ಒಂದೇ ಮೊತ್ತ ಅನ್ನುವುದು ನ್ಯಾಯವಲ್ಲ. ತೆರಿಗೆಯ ಹಣದಲ್ಲೇ ನಡೆಯಲಿ. ಆದರೆ ಹಣ ಸರ್ಕಾರದ ಕೈಯಿಂದ ಹೋಗುತ್ತದೆ ಅಂದಮಾತ್ರಕ್ಕೆ ರೇಡಿಯೋ ಸರ್ಕಾರದ್ದಾಗಬಾರದು, ಕೇಳುವವರದ್ದಾಗಿಯೇ ಇರಬೇಕು. ಹಾಗಿರಬೇಕಾದರೆ ಕೇಳುವವರು ಮಾತಾಡಬೇಕು.

ಯಾಕೆ ಇಷ್ಟು ಹೇಳ್ತೀನಿ ಅಂದರೆ, ಮಡಿಕೇರಿಯಿಂದ ಕೊಡವ ಮಾತು, ಮಂಗಳೂರಿನಿಂದ ತುಳು, ಯಕ್ಷಗಾನ, ರೈತರಿಗೆ ಕೃಷಿರಂಗ, ಇವೆಲ್ಲ ಆಕಾಶವಾಣಿಯಲ್ಲಿ ಬರುತ್ತವೆ. ಇವುಗಳಿಗೆ ಜಾಹೀರಾತು ಎಷ್ಟು ಬಂದೀತು? ಲಾಭವನ್ನೇ ನಂಬಿದವರು ಇವನ್ನು ಎಷ್ಟು ದಿನ ಇಟ್ಟುಕೊಂಡಾರು? ಖಾಸಗಿ ಎಫ್ಎಂಗಳಿಗೆ ಸ್ವಂತ ಸುದ್ದಿ ಓದುವ ಅನುಮತಿಯೂ ಇಲ್ಲ, ಸುದ್ದಿ ಬೇಕೆಂದರೆ ಆಕಾಶವಾಣಿಯದನ್ನೇ ಮರುಪ್ರಸಾರ ಮಾಡಬೇಕು. ಹಾಗಿರುವಾಗ ಆ ಒಂದು ದನಿ ನೆಟ್ಟಗಿದೆಯೇ ಅಂತ ಕಿವಿಗೊಡುವ ಹೊಣೆ ನಮ್ಮದಲ್ಲವೇ?

ಮೇಷ್ಟ್ರು ಪುಸ್ತಕ ತಿರುವಿದರು. ಕೊನೆಯ ಸ್ಟಾಂಪಿನ ಆಚೆ ಹಾಳೆಗಳೆಲ್ಲ ಖಾಲಿ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, ಒಳಗೆ ಹೋಗಿ 50 ಪೈಸೆಯ ಎರಡು ಪೋಸ್ಟ್‌ಕಾರ್ಡು ತಂದರು. ಒಂದು ತಮಗೆ, ಇನ್ನೊಂದು ಗೋಡೆಯ ಮೇಲೆ ನನಗೆ.

"ಬೆಳಗ್ಗೆ ಮೆಣಸಿನ ಬೆಳೆಯ ರೋಗದ ಬಗ್ಗೆ ಮಾತಾಡಿದರಲ್ಲ, ಕೇಳಿದೆಯಾ? ಚೆನ್ನಾಗಿತ್ತು ಅಂತ ನಾನು ಬರೀತೀನಿ. ನೀನೇನು ಬರೀತೀಯೋ ನಿನಗೆ ಬಿಟ್ಟಿದ್ದು."

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, 'ನಿಲಯ ನಿರ್ದೇಶಕರಿಗೆ' ಅಂತ ವಿಳಾಸ ಬರೆಯತೊಡಗಿದೆ.