ಕೆಸರಿಗೆ ಹೆದರದ ಜೀಪು, ದುಡ್ಡಿಗೆ ಹೂತಿತು

ಹಳೆಯ ಜಿಪ್ಸಿಯನ್ನೋ ಮಹೀಂದ್ರ ಜೀಪನ್ನೋ ಮಾಲೀಕರಿಂದಲೇ ಕೊಳ್ಳುವವರು ಅದು ಕೆಸರು ಹಾಯುತ್ತದೆಯೇ ಎಂದು ನೋಡುತ್ತಾರೆ. ನನ್ನ ವಾದವೇ ಬೇರೆ: ಇಂಥ ವಾಹನ ಹೂತುಕೊಳ್ಳುವುದು ದುಡ್ಡು ಕೊಡುವ ಜಾಗದಲ್ಲಿ. ಕಂತೆ ಕಂತೆ ನೋಟು ಎಣಿಸೋಣವೆಂದರೆ, 2017ರಿಂದ ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿಯಾಗಲಿ ಹೆಚ್ಚಾಗಲಿ ನಗದು ಪಡೆಯುವಂತಿಲ್ಲ. ಯುಪಿಐಯಲ್ಲಿ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷ. ನಾಲ್ಕು ಲಕ್ಷದ ಜೀಪು ದಿನಕ್ಕೊಂದು ಚಕ್ರದಂತೆ ಮನೆಗೆ ಬರಬೇಕು! ಆರ್‌ಟಿಜಿಎಸ್ ಹಗಲಿರುಳೂ ನಡೆಯುತ್ತದೆ, ನಿಜ. ಆದರೆ ದುಡ್ಡು ಬಂದ ಮೇಲೆ ಸಹಿ ಎಂದು ಮಾರುವವರು, ಸಹಿಯಾದ ಮೇಲೆ ದುಡ್ಡು ಎಂದು ಕೊಳ್ಳುವವರು. ಮದುವೆಮನೆಯ ‘ನೀವು ಮೊದಲು’ ಉಪಚಾರ ಇಲ್ಲಿ ಹಗೆತನವಾಗುತ್ತದೆ.

ನಂಬಿಕೆಯಿಲ್ಲದೆ ವ್ಯಾಪಾರವೇ ಎಂದು ಕೇಳಬಹುದು. ನಂಬಿಕೆ ಇರಲಿ, ಹೆಸರು ಬದಲಾಯಿಸುವ ಆರ್‌ಟಿಒದ ಫಾರಂ 29, 30ರಲ್ಲಿ ಅದಕ್ಕೆ ಕಾಲಂ ಇಲ್ಲ. ಹೆಸರು ಬದಲಾಗದಿದ್ದರೆ ಅಪಘಾತ ಪರಿಹಾರದ ಹೊಣೆ ಆರ್‌ಸಿಯಲ್ಲಿರುವವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ಕಾಗದಕ್ಕೆ ಹೆಚ್ಚು ಆತುರಪಡಬೇಕಾದವರು ಮಾರುವವರೇ. ಇಬ್ಬರೂ ಒಂದೇ ಮೇಜಿಗೆ ಕೂತು, ಒಬ್ಬರು ಪೆನ್ನು, ಇನ್ನೊಬ್ಬರು ಮೊಬೈಲು ಹಿಡಿಯುವುದೇ ಲೇಸು. ನಡುವೆ ನೆಟ್‌ವರ್ಕ್ ಹೋದರೆ ಕಾಫಿ ತರಿಸಿ. ಅದರ ಬಿಲ್ಲಿಗೆ ಮಾತ್ರ ಚೌಕಾಶಿ ಬೇಡ.