ಸೇವಾ ಸಂಚಾಲಕರ ಪಂಚಾಂಗ

ರಾಣೇಬೆನ್ನೂರು, ಹಲಗೇರಿ, ಬ್ಯಾಡಗಿ ಕಡೆಯ ಬೀಜದ ಕಂಪನಿ, ಬ್ಯಾಂಕು, ಫ್ಯಾಕ್ಟರಿ ಯಾವುದಕ್ಕೇ ಹೋಗಿ, ಸೇವಾ ಸಂಚಾಲಕರೊಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಹುದ್ದೆಯಿಂದ ಅವರು ಅಕೌಂಟ್ಸಿನವರೋ ಗೋದಾಮಿನವರೋ ಆಗಿರಬಹುದು. ಸೇವೆಯನ್ನು ಯಾರೂ ಅವರಿಗೆ ವಹಿಸಿದ್ದಲ್ಲ, ಅವರೇ ಮೈಮೇಲೆ ಎಳೆದುಕೊಂಡದ್ದು. ಜೇಬಿನಲ್ಲಿ ನಾಲ್ಕು ಮಡಿಕೆಯ ಪಟ್ಟಿ, ಪಟ್ಟಿಯ ತಲೆಯ ಮೇಲೆ ಮ್ಯಾನೇಜರ ಹೆಸರು, ಅದರ ಮುಂದೆ ಸಾವಿರ ರೂಪಾಯಿ. (ಮ್ಯಾನೇಜರು ಇನ್ನೂ ಕೊಟ್ಟಿರುವುದಿಲ್ಲ, ಆ ಮಾತು ಬೇರೆ.) ಆ ಸಾಲಿನ ಮೇಲೆ ಹೆಬ್ಬೆರಳಿಟ್ಟು “ಸಾಹೇಬ್ರು ಸಾವಿರ ಬರೆಸ್ಯಾರ್ರೀ, ನಿಮ್ದೊಂದು ಐನೂರು ಹಿಡೀಲೇನ್ರಿ?” ಎಂದರೆ ಇನ್ನೂರು ಅನ್ನುವ ಧೈರ್ಯ ಯಾರಿಗಿದೆ? ಗಣಪತಿಗೆ, ಜಾತ್ರೆಗೆ ಪಟ್ಟಿ ಎತ್ತಿ ಎತ್ತಿ ಪಳಗಿದ ಕೈ ಅದು. ಅವರನ್ನು ಕಂಡು ಕ್ಯಾಂಟೀನಿನಲ್ಲಿ ಅರ್ಧ ಚಹಾ ಬಿಟ್ಟು ಎದ್ದವರೂ ಸಂಜೆ ಬೈಕ್ ಸ್ಟ್ಯಾಂಡಿನಲ್ಲಿ ಸಿಕ್ಕಿಬೀಳುತ್ತಾರೆ.

ಇವರನ್ನು ನೋಡಿ ನಗುವವರು ಹೆಚ್ಚಾಗಿ ಫೋಟೋದ ಹುಚ್ಚಿಗೆ ನಗುತ್ತಾರೆ. ಒಂದೇ ಸಸಿಗೆ ಹನ್ನೊಂದು ಕೈ, ಎಲ್ಲರ ಮೈಮೇಲೂ ಒಂದೇ ಅಳತೆಯ ಟೀಶರ್ಟು, ಹಿಂದೆ ಶಾಲೆಯ ಗೋಡೆಯನ್ನೇ ಮುಚ್ಚುವ ಫ್ಲೆಕ್ಸು, ನಗುವುದಕ್ಕೇನೋ ಸಾಮಗ್ರಿ ಬೇಕಾದಷ್ಟಿದೆ. ಆದರೆ ನನ್ನ ಲೆಕ್ಕದಲ್ಲಿ ಫೋಟೋ ಸಣ್ಣ ತಪ್ಪು. ದುಡ್ಡು ಕೊಟ್ಟವರು ಅದು ಎಲ್ಲಿಗೆ ಹೋಯಿತೆಂದು ನೋಡಬಯಸುವುದು ನ್ಯಾಯವೇ. ನನ್ನ ತಕರಾರು ಇರುವುದು ಅವರ ಪಂಚಾಂಗದ ಮೇಲೆ. ಜೂನ್ 5ಕ್ಕೆ ಸಸಿ, ಆಗಸ್ಟ್ 15ಕ್ಕೆ ನೋಟುಬುಕ್ಕು, ಅಕ್ಟೋಬರ್ 2ಕ್ಕೆ ರಕ್ತ: ಇದರಲ್ಲಿ ಪಡೆಯುವವರ ತಿಥಿ ಒಂದೂ ಇಲ್ಲ. ಸರ್ಕಾರಿ ಶಾಲೆ ತೆರೆಯುವುದು ಮೇ ಕೊನೆಗೆ. ಆಗಸ್ಟ್ ಹೊತ್ತಿಗೆ ಅಪ್ಪ ಸಾಲ ಮಾಡಿಯಾದರೂ ಪುಸ್ತಕ ತಂದಿರುತ್ತಾನೆ, ಇಲ್ಲವೇ ಹುಡುಗಿ ಹೋದ ವರ್ಷದ ಖಾಲಿ ಹಾಳೆಗಳನ್ನು ಕಿತ್ತು ಹೊಲಿದುಕೊಂಡಿರುತ್ತಾಳೆ. ರಕ್ತದ ಕಥೆ ಇನ್ನೂ ಸೋಜಿಗ. ಕೆಂಪು ರಕ್ತಕಣಗಳನ್ನು ಫ್ರಿಜ್ಜಿನಲ್ಲಿಟ್ಟರೂ ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್ಟು ಐದು ದಿನ ಬಾಳುತ್ತದೆ. ಗಂಡಸು ಒಮ್ಮೆ ಕೊಟ್ಟರೆ ಮತ್ತೆ ಕೊಡಲು ಮೂರು ತಿಂಗಳು, ಹೆಂಗಸು ನಾಲ್ಕು ತಿಂಗಳು ಕಾಯಬೇಕು. ಎಲ್ಲ ಕಚೇರಿಗಳೂ ಗಾಂಧಿ ಜಯಂತಿಗೇ ತೋಳು ಚಾಚಿದರೆ ಅಕ್ಟೋಬರಿನಲ್ಲಿ ರಕ್ತ ಇಡಲು ಜಾಗವಿಲ್ಲ, ಡಿಸೆಂಬರಿನಲ್ಲಿ ಹೆರಿಗೆಗೆ ಬಂದವಳಿಗೆ ಬಾಟಲಿಯಿಲ್ಲ. ಇನ್ನು ಸಸಿ. ಜೂನಿನಲ್ಲಿ ಮಳೆಯ ನೆಚ್ಚಿಗೆಯ ಮೇಲೆ ನೆಟ್ಟದ್ದು ಮಾರ್ಚಿನ ಬಿಸಿಲಿಗೆ ಒಣಗುತ್ತದೆ, ಮರು ಜೂನಿನಲ್ಲಿ ಅದೇ ಗುಂಡಿಗೆ ಹೊಸ ಸಸಿ. ಗುಂಡಿ ತೋಡುವ ಕೂಲಿ ಉಳಿಯಿತೆಂದು ವರದಿಯಲ್ಲಿ ಬರೆಯಬಹುದು.

ಈ ಸೀಮೆಯಲ್ಲಿ ಇದು ನಡೆಯುವುದು ವಿಶೇಷ ತಮಾಷೆ, ಯಾಕೆಂದರೆ ಇಲ್ಲಿಯ ಬೀಜದ ವ್ಯಾಪಾರ ನಿಂತಿರುವುದೇ ಹೊತ್ತಿನ ಮೇಲೆ. ಹತ್ತಿಯ ಕ್ರಾಸಿಂಗ್ ಕೆಲಸ ನೋಡಿ: ಸಂಜೆ ಮುಂದೆ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು, ಮರುದಿನ ಬೆಳಿಗ್ಗೆ ಬಿಸಿಲೇರುವುದರೊಳಗೆ ಗಂಡು ಹೂವಿನ ಪರಾಗ ಮುಟ್ಟಿಸಬೇಕು. ಒಂದು ಹೊತ್ತು ತಪ್ಪಿದರೂ ಆ ಹೂವು ಕಂಪನಿಯ ಪಾಲಿಗೆ ಇಲ್ಲ. ಪ್ಲಾಟಿನ ಹೆಣ್ಣುಮಗಳು ಮನೆಯಲ್ಲಿ ಹಬ್ಬವಿದೆ ಎಂದರೆ “ಹೂವಿಗೆ ಹಬ್ಬ ಗೊತ್ತಾಗ್ತೈತೇನವಾ?” ಎಂದು ಗದರುವ ಕಂಪನಿಯೇ, ನೋಟುಬುಕ್ಕು ಹಂಚುವಾಗ ಮಾತ್ರ ಕ್ಯಾಲೆಂಡರಿನ ಕೆಂಪು ಅಂಕಿ ಹುಡುಕುತ್ತದೆ.

ಇದಕ್ಕೆ ಸಂಚಾಲಕರ ಬಳಿ ಉತ್ತರ ಸಿದ್ಧವಿದೆ: ನೌಕರಿಯವರಿಗೆ ಬಿಡುವು ಸಿಗುವುದೇ ಅಂಥ ದಿನ. ಮಾತು ಅರ್ಧ ನಿಜ. ಆದರೆ ಪಟ್ಟಿಗೆ ರಜೆ ಬೇಕಿಲ್ಲ, ಅದು ಕೆಲಸದ ದಿನವೇ ಚೆನ್ನಾಗಿ ಓಡುತ್ತದೆ. ರಕ್ತಕ್ಕೆ ಬೇಕಾಗುವುದು ಒಂದು ತಾಸು. ನಲವತ್ತು ಜನರಿರುವ ಕಚೇರಿ ತಿಂಗಳಿಗೆ ಮೂರ್ನಾಲ್ಕು ಜನರಂತೆ ಹಂಚಿಕೊಂಡರೆ ವರ್ಷ ತುಂಬುತ್ತದೆ. ಹಳ್ಳಿಯ ಮುಯ್ಯಾಳುಗಳು ಕಳೆ ಬಂದ ದಿನ ಹೊಲಕ್ಕೆ ಹೋಗುತ್ತಾರೆ, ಕಳೆ ರಜೆ ನೋಡಿ ಏಳುವುದಿಲ್ಲ. ಇನ್ನು ಸೇವೆಯ ಹಣ ಮಾರ್ಚ್ ಮುಗಿಯುವುದರೊಳಗೆ ಖರ್ಚಾಗಬೇಕೆಂದು ಕಾನೂನೇ ಹೇಳುತ್ತದಲ್ಲ ಎಂದು ಮೇಲಿನ ಸಾಹೇಬರು ಅಂದಾರು. 2013ರ ಕಂಪನಿ ಕಾಯ್ದೆಯ 135ನೇ ಕಲಮು ದೊಡ್ಡ ಕಂಪನಿಗಳಿಗೆ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಿ ಎನ್ನುವುದು ಹೌದು. ಆದರೆ ಮುಂದುವರಿಯುವ ಯೋಜನೆಯ ಹಣ ಉಳಿದರೆ ಬೇರೆ ಖಾತೆಗೆ ಹಾಕಿ ಮೂರು ವರ್ಷದೊಳಗೆ ಬಳಸಲು ಅದೇ ಕಲಮು ಬಿಡುತ್ತದೆ. ಅಲ್ಲದೆ ಸಂಚಾಲಕರ ಪಟ್ಟಿಯ ಹಣ ಆ ಶೇ. 2 ಅಲ್ಲವೇ ಅಲ್ಲ, ನೌಕರರ ಸ್ವಂತ ಜೇಬಿನದು. ಬಾಗಿಲಿನಷ್ಟು ಅಗಲದ ಥರ್ಮೋಕೋಲ್ ಚೆಕ್ಕಿನ ಮೇಲೆ ಕಂಪನಿಯ ಹೆಸರು ಹೇಗೆ ಬಂತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಏನೂ ಮಾಡದೆ ಕೂತವರಿಗಿಂತ ಹೊತ್ತಲ್ಲದ ಹೊತ್ತಿನಲ್ಲಾದರೂ ಮಾಡಿದವರು ಮೇಲಲ್ಲವೇ ಎಂಬುದು ಗಟ್ಟಿಯಾದ ಆಕ್ಷೇಪ. ತಡವಾಗಿ ಬಂದ ನೋಟುಬುಕ್ಕಿನ ಮಟ್ಟಿಗೆ ಒಪ್ಪೋಣ, ಅದು ಮುಂದಿನ ವರ್ಷಕ್ಕಾದರೂ ಆದೀತು. ಆದರೆ ಎಂದು ಬೇಕು ಎಂದು ಕೇಳದವರು ಏನು ಬೇಕು ಎಂದೂ ಕೇಳುವುದಿಲ್ಲ, ತೊಡಕು ಅಲ್ಲಿದೆ. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನೇ ತೆಗೆದುಕೊಳ್ಳಿ. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ಆ ನೆಲದ ಬಹುಪಾಲು ನೀಲಗಿರಿ ತೋಪಾಗಿ ನಿಂತಿದೆ. ದೂರದವರೆಗೆ ಕಣ್ಣು ಹಾಯಿಸಿ, ಅಪಾಯ ಕಂಡರೆ ಓಡಿ ಬದುಕುವ ಪ್ರಾಣಿ ಅದು, ಅದಕ್ಕೆ ಬೇಕಾದದ್ದು ಬಯಲು ಮತ್ತು ಹುಲ್ಲು. ಅಲ್ಲಿ ಹಸಿರು ಟೀಶರ್ಟಿನ ತಂಡವೊಂದು ಗುದ್ದಲಿ ಹಿಡಿದು ಇಳಿಯಿತೆನ್ನಿ. ಮೃಗಕ್ಕೆ ಮಾತು ಬಂದಿದ್ದರೆ “ನೀವು ಬರದಿದ್ರನ ಚಲೋ ಇತ್ತ್ರೀ” ಅನ್ನುತ್ತಿತ್ತು. ಹಾಗೆಂದು ಸಂಚಾಲಕರನ್ನು ಮನೆಗೆ ಕಳಿಸಬೇಕೆಂದು ನನ್ನ ವಾದವಲ್ಲ. ಬಿಗಿಮುಷ್ಟಿಯವರಿಂದ ಐನೂರು ಬಿಡಿಸುವ ವಿದ್ಯೆ ಕಚೇರಿಗೊಬ್ಬರಿಗೆ ಒಲಿದರೆ ಹೆಚ್ಚು. ನಗುವ ನಮ್ಮಂಥವರಿಗೆ ಅದು ಒಲಿದಿಲ್ಲ. ಅವರು ಪಟ್ಟಿಯನ್ನು ಏಪ್ರಿಲ್‌ನಲ್ಲೇ ತೆಗೆಯಲಿ. ಲಗ್ನದ ಸೀಜನ್ನು, ಯಾರೂ ಕೊಡುವುದಿಲ್ಲ ಎಂಬ ನೆಪ ಬೇರೆಯವರಿಗೆ ಸರಿ, ಅವರಿಗೆ ಒಪ್ಪುವುದಿಲ್ಲ. ಮೇ ಮುಗಿಯುವ ಮೊದಲು ಹೆಡ್‌ಮಾಸ್ತರರಿಗೆ ಒಂದು ಫೋನ್ ಮಾಡಿ, ಎಷ್ಟು ಹಾಳೆಯದು ಬೇಕು, ಗೆರೆಯದೋ ಚೌಕದ್ದೋ ಎಂದು ಕೇಳಿ ತಲುಪಿಸಲಿ. ಫೋಟೋ ಆಗಲೇಬೇಕೆಂದರೆ ಆಗಸ್ಟ್ 15ಕ್ಕೆ ಹೋಗಿ ಅರ್ಧ ಬರೆದು ಮುಗಿಸಿದ ನೋಟುಬುಕ್ಕುಗಳ ಜೊತೆ ತೆಗೆಸಿಕೊಳ್ಳಲಿ. ಟೀಶರ್ಟು ಹಾಕಿಕೊಂಡೇ ಹೋಗಲಿ, ಯಾರ ಅಡ್ಡಿಯೂ ಇಲ್ಲ.